ಹೆಸರಿನ ತಕರಾರು

ನಮ್ಮ ಓಣಿಗೆ ನಳದ ನೀರು ಯಾವಾಗ ಬರುತ್ತದೆಂಬುದನ್ನು ಪಂಚಾಂಗ ನೋಡುವ ಅಯ್ಯನವರೂ ಹೇಳಲಾರರು. ಬೈಲಹೊಂಗಲದ ಏರಿನ ಮೇಲಿರುವ ಓಣಿ ನಮ್ಮದು. ತಗ್ಗಿನವರ ಹಂಡೆ, ಕೊಡ, ಬಕೀಟುಗಳೆಲ್ಲ ತುಂಬಿದ ಮೇಲೆಯೇ ನೀರಿಗೆ ಏರು ಹತ್ತುವ ಮನಸ್ಸಾಗುವುದು. ಅದರಲ್ಲಿ ಯಾರ ತಪ್ಪೂ ಇಲ್ಲ, ನೀರಿನ ಸ್ವಭಾವವೇ ಹಾಗೆ. ನಡುರಾತ್ರಿ ನಳದ ಬಾಯಿಂದ ಮೊದಲು 'ಸುಂಯ್' ಎಂದು ಗಾಳಿ, ಆಮೇಲೆ ನಾಲ್ಕು ಹನಿ ಕೆಂಪು ನೀರು, ಅದರ ಹಿಂದೆ ಧಾರೆ. ಈ ಮೂರನ್ನೂ ನಿದ್ದೆಯಲ್ಲಿಯೇ ಗುರುತಿಸುವಷ್ಟು ನನ್ನ ಕಿವಿ ಪಳಗಿದೆ. ನಿಮ್ಮಲ್ಲೂ ಬಹಳ ಜನರ ಕಿವಿ ಹೀಗೆಯೇ ಪಳಗಿರಬೇಕು. ಕೂಸು ಅತ್ತರೆ ಒಂದು ಕಿವಿ, ನೀರು ಬಂದರೆ ಒಂದು ಕಿವಿ. ಹೆಣ್ಣುಮಕ್ಕಳಿಗೆ ಪೂರ್ತಿ ನಿದ್ದೆ ಎಂಬುದು ಯಾವಾಗ ಇತ್ತು?

ಮನೆಯಲ್ಲಿ ಈಗ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ನಮ್ಮವರು 2021ರ ಮೇ ತಿಂಗಳಲ್ಲಿ, ಆ ಕೆಟ್ಟ ರೋಗದ ಎರಡನೇ ಸುತ್ತಿನಲ್ಲಿ ತೀರಿಕೊಂಡರು. ಮಗಳು ಕಿತ್ತೂರಿನ ಸೊಸೆಯಾಗಿದ್ದಾಳೆ. ಅತ್ತೆಗೆ ಎಂಬತ್ತು ದಾಟಿ ಎಷ್ಟೋ ವರ್ಷವಾಯಿತು, ಕಿವಿ ಮಂದ, ಮೊಣಕಾಲು ಅದಕ್ಕೂ ಮಂದ.

2024ರ ಬನದ ಹುಣ್ಣಿಮೆಗೆ ನಾನು ಸವದತ್ತಿಗೆ, ಅಕ್ಕನ ಮನೆಗೆ ಹೋದೆ. ಎಲ್ಲಮ್ಮನ ಗುಡ್ಡ ಹತ್ತಿ, ಹಡ್ಡಲಗಿ ತುಂಬಿಸಿ, ಮರುದಿನ ಮಧ್ಯಾಹ್ನ ತಿರುಗಿ ಬಂದರೆ ಅತ್ತೆ ಪಡಸಾಲೆಯಲ್ಲಿ ಅಪರಾಧಿಯ ಹಾಗೆ ಕೂತಿದ್ದರು. ರಾತ್ರಿ ನೀರು ಬಂದು ಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಬೆಳಿಗ್ಗೆ ಮಗ್ಗಲ ಮನೆಯವರ ಅಂಗಳ ಹಸಿ ಇದ್ದದ್ದು ನೋಡಿ ತಿಳಿಯಿತಂತೆ. "ನಾ ಒಂದು ದಂಡಕ್ಕಿದ್ಹಂಗ ಯವ್ವಾ" ಎಂದರು. ನೀರು ತಪ್ಪಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಅಕ್ಕನ ಮಗ ಸವದತ್ತಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಾನೆ. ಅವನನ್ನು ಫೋನಿನಲ್ಲಿ ಕೇಳಿದೆ. "ಚಿಗವ್ವಾ, ನಳದ ಬಾಯಿಗೆ ಎರಡು ವಾಯರ್ ಕಟ್ಟು, ಒಂದು ಟ್ರಾನ್ಸಿಸ್ಟರ್, ಒಂದು ಬಜರ್. ನೀರ ತಾಗಿದ ಕೂಡ್ಲೇ ಕೂಗತೈತಿ. ಮುಗೀತು" ಎಂದ. ಅವನ ಮಾತು ಸರಿಯೇ. ಆದರೆ ಕೂಗುವುದು ಬೈಲಹೊಂಗಲದಲ್ಲಿ, ಕೇಳಬೇಕಾದ ನಾನು ಸವದತ್ತಿಯ ಗುಡ್ಡದ ಮೇಲೆ. ನಡುವೆ ಇರುವವರಿಗೆ ಕಿವಿ ಕೇಳಿಸದು. ಸುದ್ದಿ ಫೋನಿಗೆ ಬರಬೇಕು. ನನಗೆ ಬಂದರೆ ಮಗ್ಗಲ ಮನೆಯವರಿಗೆ ಹೇಳಿ ನಾಲ್ಕು ಕೊಡ ಹಿಡಿಸಬಹುದು.

ಆಗ ನೆನಪಾದದ್ದು ಅಟ್ಟದ ಮೇಲಿನ ಚಪ್ಪಲಿಯ ಡಬ್ಬಿ. ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುವಾಗ ಅದರೊಳಗೆ ಏನೇನೋ ತುಂಬಿಟ್ಟಿದ್ದಳು. 2019ರಲ್ಲಿ ಓದು ಮುಗಿಯಿತು, ಒಂದೆರಡು ವರ್ಷ ನೌಕರಿಯೂ ಆಯಿತು, 2022ರಲ್ಲಿ ಮದುವೆ. ಕಿತ್ತೂರಿಗೆ ಹೋಗುವಾಗ ಸೀರೆಯ ಟ್ರಂಕು ಹೋಯಿತು, ಭಾಂಡೆ ಹೋದವು, ಡಬ್ಬಿ ಮಾತ್ರ ಅಟ್ಟದ ಮೇಲೆಯೇ ಉಳಿಯಿತು. "ಅಲ್ಲಿ ಯಾಕ ಅವ್ವಾ ಅದು" ಎಂದಿದ್ದಳು. ಡಬ್ಬಿ ಇಳಿಸಿ ಧೂಳು ಜಾಡಿಸಿ ಫೋನಿನಲ್ಲಿ ತೋರಿಸಿದೆ. ಮಗಳು ತೊಡೆಯ ಮೇಲಿನ ಕೂಸನ್ನು ಆ ಕಡೆ ಸರಿಸಿ ಮುಂದಕ್ಕೆ ಬಗ್ಗಿದಳು. "ಅಯ್ಯ, ಇ.ಎಸ್.ಪಿ. ಇನ್ನೂ ಐತೇನs!" ಎಂದಳು. ಹಳೆಯ ಗೆಳತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಆಗುತ್ತದಲ್ಲ, ಅಂಥ ದನಿ.

ಅದು ಇ.ಎಸ್.ಪಿ. 32 ಎಂಬ ಚಿಪ್ಪಿರುವ ಬೋರ್ಡು. ಎರಡು ಬೆರಳಗಲ, ಎರಡೂ ಬದಿಗೆ ಜರಿಯ ಕಾಲಿನ ಹಾಗೆ ಸಾಲು ಮೊಳೆ. ಶಾಂಘೈನ ಎಸ್ಪ್ರೆಸಿಫ್ ಎಂಬ ಕಂಪನಿಯವರು 2016ರಲ್ಲಿ ಹೊರಗೆ ತಂದದ್ದು. ವೈಫೈ ಒಳಗೇ ಇದೆ, ಬೆಲೆ ಕೆಲವೇ ನೂರು ರೂಪಾಯಿ. ಇಂಥದಕ್ಕೆ ಮೈಕ್ರೋಕಂಟ್ರೋಲರ್ ಎನ್ನುತ್ತಾರೆ. ದೊಡ್ಡ ಕಂಪ್ಯೂಟರು ಸಂಯುಕ್ತ ಕುಟುಂಬದ ಹಿರಿಸೊಸೆಯಾದರೆ ಇದು ಒಂದೇ ಕೆಲಸಕ್ಕೆ ಇಟ್ಟುಕೊಂಡ ಹುಡುಗಿ. ಬಟ್ಟೆ ಒಗೆಯುವ ಮಷೀನಿನಲ್ಲಿ, ಇಂಡಕ್ಷನ್ ಒಲೆಯಲ್ಲಿ, ಟಿ.ವಿ.ಯ ರಿಮೋಟಿನಲ್ಲಿ ಇದರ ಅಕ್ಕತಂಗಿಯರೇ ಕೂತಿರುವುದು. ಇದಕ್ಕೆ ತೆರೆಯಿಲ್ಲ, ಕೀಲಿಮಣೆಯಿಲ್ಲ. ಆದ್ದರಿಂದ ಅದು ಮಾಡಬೇಕಾದ ಕೆಲಸವನ್ನು ದೊಡ್ಡ ಕಂಪ್ಯೂಟರಿನಲ್ಲಿ ಬರೆದು, ಅದರ ಭಾಷೆಗೆ ಇಳಿಸಿ, ಕೇಬಲಿನ ಮೂಲಕ ಅದರ ಹೊಟ್ಟೆಗೆ ಹಾಕಬೇಕು. ಹಾಗೆ ಬರೆಯುವ ಜಾಗಕ್ಕೆ ಕೋಡ್ ಎಡಿಟರ್ ಎಂದು ಹೆಸರು.

"ನೀನs ಮಾಡು ಅವ್ವಾ. ನಾ ಹೇಳತೀನಿ" ಎಂದಳು ಮಗಳು. ಕೂಸು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಫೋನು ಮಾಡುವುದೆಂದು ಗೊತ್ತಾಯಿತು. ನಾನು ಪಿಯುಸಿ ಸೈನ್ಸ್ ಓದಿದವಳು. ಮುಂದೆ ಓದಲಿಲ್ಲ, 1989ರಲ್ಲಿ ಮದುವೆಯಾಯಿತು. ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೈ ಬಿಟ್ಟುಹೋಗದಂತೆ ಇಟ್ಟುಕೊಂಡಿದ್ದೆ, ಅಷ್ಟೇ.

ಮೊದಲ ರಾತ್ರಿಯೇ ಎಡವಟ್ಟು. ಮೈಕ್ರೋಸಾಫ್ಟ್‌ನವರು 2015ರಲ್ಲಿ ತಂದ 'ವಿಷುವಲ್ ಸ್ಟುಡಿಯೋ ಕೋಡ್' ಎಂಬುದನ್ನು ಇಳಿಸಿಕೋ ಎಂದು ಮಗಳು ಹೇಳಿದ್ದಳು. ಪುಕ್ಕಟೆ ಸಿಗುತ್ತದೆ. ನಾನು ಕೊನೆಯ 'ಕೋಡ್' ಬಿಟ್ಟು ಬರೇ 'ವಿಷುವಲ್ ಸ್ಟುಡಿಯೋ' ಇಳಿಸಲು ಕೂತೆ. ಅದು ಬೇರೆಯೇ ಮಹಾರಾಯ, ದೊಡ್ಡ ದೊಡ್ಡ ಕೆಲಸದವರದು, ಗಿಗಾಬೈಟುಗಟ್ಟಲೆ ಉಣ್ಣುವಂಥದು. ಆ ದಿನದ ಡಾಟಾ ಎಲ್ಲ ಅದರ ಬಾಯಿಗೆ ಹೋಯಿತು. ಅಂಗಡಿಗೆ ಹೋಗಿ ಕಡ್ಲಿ ತಾ ಎಂದರೆ ಕಡ್ಲಿಬ್ಯಾಳಿ ತಂದ ಹುಡುಗನಿಗೆ ನಾನೆಷ್ಟು ಸಲ ಬೈದಿಲ್ಲ! ಮರುದಿನ ಸರಿಯಾದದ್ದು ಸಿಕ್ಕಿತು. ನೂರು ಚಿಲ್ಲರೆ ಮೆಗಾಬೈಟಿನಲ್ಲಿ ಕೆಲಸ ತೀರಿತು.

ತೆರೆದರೆ ಕಪ್ಪು ತೆರೆ, ಎಡಕ್ಕೆ ಚಿಕ್ಕ ಚಿಕ್ಕ ಚಿತ್ರಗಳ ಸಾಲು. ಈ ಎಡಿಟರು ಖಾಲಿ ಅಡಿಗೆಮನೆಯಿದ್ದಂತೆ. ನೀವು ಯಾವ ಅಡಿಗೆ ಮಾಡುವವರೋ ಆ ಭಾಂಡೆ ಹೊರಗಿನಿಂದ ತಂದಿಟ್ಟುಕೊಳ್ಳಬೇಕು. ಅವಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ನಮಗೆ ಬೇಕಾದದ್ದು 'ಪ್ಲಾಟ್‌ಫಾರ್ಮ್ ಐಓ'. ಹಾಕಿಕೊಂಡ ಮೇಲೆ ಸಾಲಿನಲ್ಲಿ ಇರುವೆಯ ಮುಖದಂಥ ಒಂದು ಚಿತ್ರ ಬಂತು. ಅದನ್ನು ಒತ್ತಿ ಹೊಸ ಪ್ರಾಜೆಕ್ಟು ಎಂದರೆ ಯಾವ ಬೋರ್ಡು, ಯಾವ ಪದ್ಧತಿ ಎಂದು ಕೇಳುತ್ತದೆ. ಪದ್ಧತಿ ಎಂದರೆ 'ಆರ್ಡುಯಿನೋ' ಎಂದು ಆರಿಸಿದೆ. ಇಟಲಿಯ ಇವ್ರಿಯಾ ಎಂಬ ಊರಿನ ಒಂದು ಡಿಸೈನ್ ಸಂಸ್ಥೆಯಲ್ಲಿ, ಎಂಜಿನಿಯರುಗಳಲ್ಲದ ವಿದ್ಯಾರ್ಥಿಗಳಿಗೂ ಸುಲಭವಾಗಲೆಂದು 2005ರಲ್ಲಿ ಶುರುಮಾಡಿದ್ದಂತೆ. ನನ್ನಂಥವರಿಗೆಂದೇ ಎಂದು ಧೈರ್ಯ ಬಂತು.

ಆರ್ಡುಯಿನೋದಲ್ಲಿ ಎರಡೇ ಕೋಣೆ. ಒಂದರ ಹೆಸರು 'ಸೆಟಪ್', ಅಲ್ಲಿ ಬರೆದದ್ದು ಒಂದೇ ಸಲ ನಡೆಯುತ್ತದೆ. ಇನ್ನೊಂದು 'ಲೂಪ್', ಅಲ್ಲಿ ಬರೆದದ್ದು ಕರೆಂಟು ಇರುವತನಕ ಮತ್ತೆ ಮತ್ತೆ ನಡೆಯುತ್ತದೆ. ಮಗಳು ಇದನ್ನು ವಿವರಿಸಲು ಹತ್ತು ನಿಮಿಷ ತೆಗೆದುಕೊಂಡಳು. "ತಿಳೀತು ಬಿಡು, ಲಗ್ನ ಒಮ್ಮೆ, ರೊಟ್ಟಿ ದಿನಾ" ಎಂದೆ. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಇಷ್ಟೆಲ್ಲ ಆಗಿ, ಕೆಳಗಿನ ಪಟ್ಟಿಯಲ್ಲಿರುವ ಸರಿಗುರುತನ್ನು ಒತ್ತಿದೆ. ಅದು ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ಇಳಿಸುವ ಗುಂಡಿ. ಬೇಕಾದ ಸಾಮಾನುಗಳನ್ನು ತಾನೇ ಇಳಿಸಿಕೊಳ್ಳುತ್ತ ಬಹಳ ಹೊತ್ತು ಓಡಿತು. ಓಡಿ ಓಡಿ ಕೊನೆಗೆ ಕೆಂಪಕ್ಷರಗಳನ್ನು ಕಾರಿತು. ಸಾಲಿಗೆ ಸಾಲು ಕೆಂಪು, ಯಾವುದೋ ಫೈಲು ಸಿಗಲಿಲ್ಲ ಎಂದು. ಪ್ರತಿ ಸಾಲಿನಲ್ಲೂ ಒಂದೇ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಫೋನನ್ನು ತೆರೆಯ ಮುಂದೆ ಹಿಡಿದೆ. ಮಗಳು ನೋಡಿ ನೋಡಿ, "ಅವ್ವಾ, ಅಲ್ಲಿ ನಿನ್ನ ಹೆಸರೈತಿ. ತಕರಾರು ಅದರದ್ದs" ಎಂದಳು.

ಈ ಹೆಸರಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನನ್ನ ತವರು ರಾಮದುರ್ಗ, ನೇಕಾರರ ಮನೆತನ. ಹುಟ್ಟಿದಾಗ ನನಗೆ ಅಜ್ಜಿಯ ಹೆಸರಿಟ್ಟರು. ಯಾವುದೆಂದು ಬರೆಯುವುದಿಲ್ಲ, 'ಅವ್ವ' ಎಂದು ಮುಗಿಯುತ್ತದೆ, ನಮ್ಮ ಕಡೆ ಓಣಿಗೆ ನಾಲ್ವರು ಆ ಹೆಸರಿನವರು ಸಿಗುತ್ತಾರೆ. ಮದುವೆಯ ದಿನ ಅತ್ತೆ ಒಂದು ಪರಾತದಲ್ಲಿ ಅಕ್ಕಿ ಹರವಿ ನಮ್ಮವರ ಬೆರಳು ಹಿಡಿದು ಹೊಸ ಹೆಸರು ಬರೆಸಿದರು. 'ಜಾ' ಎಂದು ಮುಗಿಯುವ ಹೆಸರು, ಆ ಕಾಲಕ್ಕೆ ಬಹಳ ಚಾಲ್ತಿಯಲ್ಲಿದ್ದದ್ದು. "ನಿನ್ನ ಹೆಸರು ಹಳ್ಯಾರಂಗ ಐತಿ" ಎಂದಿದ್ದರು, ಬೈದಲ್ಲ, ಹೊಸ ಸೀರೆ ಕೊಡುವವರ ಹಾಗೆ. ಅಕ್ಕಿಯ ಮೇಲೆ ಬರೆದ ಹೆಸರು, ಆದರೆ ಮೂವತ್ತು ವರ್ಷ ಅಳಿಸಲಿಲ್ಲ. ರೇಶನ್ ಕಾರ್ಡು, ಬ್ಯಾಂಕು, ಆಧಾರ್ ಎಲ್ಲ ಅದೇ. ಹಳೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಾತ್ರ ಉಳಿಯಿತು. ಎರಡೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಲು ಕಚೇರಿ ಅಲೆದವರು ನಿಮ್ಮಲ್ಲೂ ಇರಬಹುದು. ಅವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದದ್ದು ನೆನಪಿರಬೇಕು. ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ದಮ್ಮು ತೆಗೆದುಕೊಂಡು ರಾಮದುರ್ಗಕ್ಕೆ ಬರುವ ಹೊಳೆ, ಆ ಸಲ ಊರೊಳಗೇ ಬಂತು. ಎಷ್ಟೋ ನೇಕಾರರ ಮನೆಗಳಿಗೆ ನೀರು ನುಗ್ಗಿತು. ನಮ್ಮ ತವರಿನ ಮಗ್ಗದ ಕುಣಿ ಕೆರೆಯಾಗಿತ್ತು. ನೀರಿಳಿದ ಮೇಲೆ ಅಣ್ಣ ಒಂದು ಟ್ರಂಕು ತಂದು ನಮ್ಮ ಅಂಗಳದಲ್ಲಿ ಬಿಚ್ಚಿದ. ಒಳಗೆ ಉಬ್ಬಿದ ರಟ್ಟಿನ ಪಟ್ಟಿಗಳ ಕಟ್ಟು. ಕಾಕಾನ ಜಕಾರ್ಡ್ ಮಗ್ಗದ ಕಾರ್ಡುಗಳು. ಪಟ್ಟಿಯಲ್ಲಿ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಗೆ ಸೆರಗಿನ ಬುಟ್ಟಾ ಮೂಡುತ್ತದೆ. ಫ್ರಾನ್ಸಿನ ಲಿಯೋನ್ ಊರಿನ ಜಕಾರ್ಡ್ 1804ರಲ್ಲಿ ಮಾಡಿದ ಉಪಾಯ ಅದು. ಅದೇ ತೂತಿನ ಕಾರ್ಡುಗಳನ್ನು ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಹಾಕಬೇಕೆಂದು ಯೋಚಿಸಿದ, ಮತ್ತು 1843ರಲ್ಲಿ ಆ ಯಂತ್ರದ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು ಅದನ್ನು ಮಗ್ಗಕ್ಕೇ ಹೋಲಿಸಿದಳು. ನನಗೆ ಇದೆಲ್ಲ ಆಮೇಲೆ ಮಗಳಿಂದ ತಿಳಿದದ್ದು. ಸಣ್ಣಾಕಿದ್ದಾಗ ಕಾಕಾ ತೂತು ಹೊಡೆಯುವಾಗ ನಾನು ಎದುರಿಗೆ ಕೂತು ಎಣಿಸಿ ಹೇಳುತ್ತಿದ್ದೆ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಹೂವಿನ ದಳ ಮುರಿಯುತ್ತಿತ್ತು, ಕಾಕಾನ ಕೈ ನನ್ನ ಕಿವಿಗೆ ಬರುತ್ತಿತ್ತು.

ಆ ಕಾರ್ಡುಗಳ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಅಂಕಪಟ್ಟಿ ಇತ್ತು. ನಮ್ಮವರು ಅದನ್ನು ಕಟ್ಟೆಯ ಮೇಲೆ ಕಲ್ಲು ಹೇರಿ ಒಣಗಿಸಿದರು. ಬಿಸಿಲಿನಲ್ಲಿ ನಿಂತು ಹೆಸರು ಓದಿದರು, ಗಣಿತದ ಅಂಕ ಓದಿದರು. ಏನೂ ಅನ್ನಲಿಲ್ಲ. ಅದೇ ವರ್ಷ ದೀಪಾವಳಿಗೆ ಲ್ಯಾಪ್‌ಟಾಪು ಕೊಂಡು ತಂದಾಗ, "ನಿನಗ ಬ್ಯಾರೆ ಖಾತೆ ಮಾಡೇನಿ" ಎಂದರು. ತೆರೆದು ನೋಡಿದರೆ ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ, ನನ್ನ ಅಜ್ಜಿಯ ಹೆಸರು. ಮೂವತ್ತು ವರ್ಷದಲ್ಲಿ ಅವರು ಆ ಹೆಸರಿನಿಂದ ನನ್ನನ್ನು ಒಂದು ಸಲವೂ ಕರೆದದ್ದಿಲ್ಲ. ಆಮೇಲೆಯೂ ಬಾಯಿಬಿಟ್ಟು ಕರೆಯಲಿಲ್ಲ. ಬರೆದದ್ದು ಅಷ್ಟೇ.

ಈಗ ಆ ಹೆಸರಿನದೇ ತಕರಾರು. ವಿಂಡೋಸ್‌ನಲ್ಲಿ ಖಾತೆ ಮಾಡಿದಾಗ ಒಳಗೆ ಅದೇ ಹೆಸರಿನ ಒಂದು ಫೋಲ್ಡರು ಹುಟ್ಟುತ್ತದೆ. ಪ್ಲಾಟ್‌ಫಾರ್ಮ್ ಐಓ ತನ್ನ ಸಾಮಾನು ಸರಂಜಾಮೆಲ್ಲ ಆ ಫೋಲ್ಡರಿನಲ್ಲಿಯೇ ಇಡುತ್ತದೆ. ಆದರೆ ಚಿಪ್ಪಿನ ಭಾಷೆಗೆ ಇಳಿಸುವ ಆ ಹತಾರಗಳಲ್ಲಿ ಕೆಲವು ಹಳೆಯ ಕಾಲದವು. ಅಮೆರಿಕದಲ್ಲಿ 1963ರಲ್ಲಿ ಗೊತ್ತುಮಾಡಿದ 128 ಸಂಕೇತಗಳ ಪಟ್ಟಿ, ಆಸ್ಕಿ ಎಂದು ಅದರ ಹೆಸರು, ಅದರಾಚೆ ಏನಿದ್ದರೂ ದಾರಿ ತಪ್ಪುತ್ತವೆ. ಕನ್ನಡದ ಅಕ್ಷರಗಳಿಗೆ ಯುನಿಕೋಡಿನಲ್ಲಿ 1991ರಿಂದಲೇ ಜಾಗವಿದೆ, ಎಡಿಟರಿಗೆ ಕನ್ನಡ ಓದಲೂ ಬರುತ್ತದೆ. ಹಿತ್ತಲಲ್ಲಿ ಕೂತ ಹಳೆಯ ಹತಾರಕ್ಕೆ ಮಾತ್ರ ಬರುವುದಿಲ್ಲ.

"ಐದು ನಿಮಿಷದ ಕೆಲಸ ಅವ್ವಾ. ಇಂಗ್ಲೀಷಿನ್ಯಾಗ ಹೊಸಾ ಖಾತೆ ಮಾಡು, ಇದನ್ನ ತಗದು ಹಾಕು" ಎಂದಳು ಮಗಳು.

"ತಗದು ಹಾಕೂದಿಲ್ಲ" ಎಂದೆ.

"ಹಂಗಾರ ಹೆಸರರೆ ಬದಲ ಮಾಡು" ಎಂದವಳು ತಾನೇ ತಡೆದು, "ಅದೂ ಆಗೂದಿಲ್ಲ. ಮ್ಯಾಲಿನ ಹೆಸರು ಬದಲಾದ್ರೂ ಒಳಗಿನ ಫೋಲ್ಡರಿನ ಹೆಸರು ಹಂಗs ಇರತೈತಿ" ಎಂದಳು.

ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ 2022ರಲ್ಲಿ, ಅವಳ ಮದುವೆಯ ಮಂಟಪದಲ್ಲಿಯೂ ಅಕ್ಕಿಯ ಪರಾತ ಬಂದಿತ್ತು. ಬೀಗರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ, "ನಮ್ಮಲ್ಲಿ ಪದ್ಧತಿ ಐತ್ರೀ, ನೀವೇನಂತೀರಿ" ಎಂದು ನನ್ನನ್ನೇ ಕೇಳಿದರು. ಮಗಳು ನನ್ನ ಮುಖ ನೋಡಿದಳು. ಅಪ್ಪ ಇಲ್ಲದ ಹುಡುಗಿ, ಮೊದಲ ದಿನವೇ ಯಾಕೆ ತಕರಾರು ಎಂದು ನಾನು ಉಡಿಯಕ್ಕಿಯ ಗಂಟು ಸರಿಮಾಡುತ್ತ ಕೂತೆ. ಅಕ್ಕಿಯ ಮೇಲೆ ಹೆಸರು ಮೂಡಿತು. ಆ ನೋಟವನ್ನು ಅವಳು ಆಮೇಲೆ ಯಾವತ್ತೂ ಮಾತಿಗೆ ತಂದಿಲ್ಲ. ನಾನೂ ತಂದಿಲ್ಲ.

"ನಾಳೆ ಬ್ಯಾರೆ ದಾರಿ ಹುಡುಕತೀನಿ. ಮಲಕೋ" ಎಂದು ಫೋನಿಟ್ಟಳು.

ನನಗೆ ನಿದ್ದೆ ಬರಲಿಲ್ಲ. ಅತ್ತೆಯೂ ಎಚ್ಚರಿದ್ದರು, ಮುದುಕರ ರಾತ್ರಿ ಗೊತ್ತಲ್ಲ. ಹೋಗಿ ಹಾಸಿಗೆಯ ಮಗ್ಗಲಿಗೆ ಕೂತು ಕಿವಿಯ ಹತ್ತಿರ ಬಾಯಿಟ್ಟು, "ಅತ್ತಿ, ನಿಮ್ಮ ತವರಮನಿ ಹೆಸರು ಏನಿತ್ರೀ?" ಎಂದು ಕೇಳಿದೆ. ಮೂವತ್ತೈದು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಇದನ್ನು ನಾನು ಕೇಳಿರಲೇ ಇಲ್ಲ.

"ಯಾಕ ಬೇಕಾತು ಈ ಹೊತ್ತಿನ್ಯಾಗ?"

"ಸುಮ್ನ."

ಬಹಳ ಹೊತ್ತು ಜಂತಿ ನೋಡುತ್ತ ಮಲಗಿದ್ದರು. "ಕರಿಯೋರೆಲ್ಲಾ ಹೋದ್ರು" ಎಂದರು. ಅಷ್ಟೇ ಎಂದು ಏಳಹೊರಟೆ. ಆಗ ಗೋಡೆಯ ಕಡೆ ಹೊರಳಿ, ಮೆಲ್ಲಗೆ, ಹೆಸರು ಹೇಳಿದರು. ಅದೂ 'ಅವ್ವ' ಎಂದೇ ಮುಗಿಯುತ್ತಿತ್ತು.

ಮರುದಿನ ಹತ್ತು ಗಂಟೆಯಾಗುವ ಮೊದಲೇ ಮಗಳ ಫೋನು ಬಂತು. ದಾರಿ ಸಿಕ್ಕಿತ್ತು. ಹೆಸರನ್ನು ಮುಟ್ಟುವುದು ಬೇಡ, ಸಾಮಾನನ್ನು ಬೇರೆ ಕಡೆ ಇಟ್ಟರಾಯಿತು. ಸಿ ಡ್ರೈವಿನಲ್ಲಿ ನೇರವಾಗಿ ಇಂಗ್ಲಿಷ್ ಹೆಸರಿನ ಒಂದು ಫೋಲ್ಡರು ಮಾಡಿದೆ. ವಿಂಡೋಸ್‌ನ ಸೆಟ್ಟಿಂಗಿನಲ್ಲಿ 'ಎನ್ವಿರಾನ್‌ಮೆಂಟ್ ವೇರಿಯಬಲ್ಸ್' ಎಂಬ ಪಟ್ಟಿಯಿದೆ. ಅಲ್ಲಿ 'ಪ್ಲಾಟ್‌ಫಾರ್ಮ್‌ಐಓ ಕೋರ್ ಡಿರ್' ಎಂದು, ನಡುವೆ ಖಾಲಿ ಬಿಡದೆ ಕೆಳಗೆರೆ ಹಾಕಿ, ಎಲ್ಲ ದೊಡ್ಡಕ್ಷರದಲ್ಲಿ ಬರೆದು, ಮುಂದೆ ಹೊಸ ಫೋಲ್ಡರಿನ ವಿಳಾಸ ಕೊಟ್ಟೆ. ತಾತ್ಕಾಲಿಕ ಫೈಲುಗಳ ಜಾಗವನ್ನೂ ಅದೇ ರೀತಿ ಹೊರಗೆ ತಂದೆ. ಪ್ರಾಜೆಕ್ಟನ್ನೂ ಅಲ್ಲಿಯೇ ಹೊಸದಾಗಿ ಮಾಡಿ, ಎಡಿಟರು ಮುಚ್ಚಿ ತೆರೆದು, ಸರಿಗುರುತು ಒತ್ತಿದೆ. ಮತ್ತೆ ಎಲ್ಲ ಸಾಮಾನು ಮೊದಲಿನಿಂದ ಇಳಿಯಬೇಕಾಯಿತು. ಅಷ್ಟರಲ್ಲಿ ನಾಲ್ಕು ಮಂದಿಗಾಗುವಷ್ಟು ಮೆಂತ್ಯದ ಸೊಪ್ಪು ಸೋಸಿದೆ; ಉಣ್ಣುವವರು ಇಬ್ಬರೇ ಎಂಬುದು ಮರೆತುಹೋಗಿತ್ತು. ಕೊನೆಗೆ ಹಸಿರು ಅಕ್ಷರದಲ್ಲಿ 'ಸಕ್ಸೆಸ್' ಎಂದು ಬಂತು. ಇವರು ಬರೆದ ಹೆಸರು ಇದ್ದಲ್ಲಿಯೇ ಇತ್ತು.

ಇನ್ನು ಸುಲಭ ಎಂದುಕೊಂಡೆ. ಬೋರ್ಡಿಗೆ ಕೇಬಲ್ ಹಚ್ಚಿದರೆ ಕೆಂಪು ದೀಪವೇನೋ ಹತ್ತಿತು, ಕಂಪ್ಯೂಟರು ಮಾತ್ರ ಇದರ ಗುರುತೇ ಇಲ್ಲವೆಂದಿತು. ಎರಡು ಸಂಜೆ ಇದರಲ್ಲಿಯೇ ಹೋದವು. ಡ್ರೈವರ್ ಹಾಕಿದ್ದಾಯಿತು, ಕಂಪ್ಯೂಟರು ಬಂದುಮಾಡಿ ತೆರೆದದ್ದಾಯಿತು.

"ಅವ್ವಾ, ಕೇಬಲ್ ಯಾವುದು ಹಚ್ಚೀ?"

"ನನ್ನ ಫೋನಿನ ಚಾರ್ಜರಿಂದು."

"ಅಯ್ಯ, ಮೊದಲs ಕೇಳಬೇಕಿತ್ತು ನಾ."

ಕೆಲವು ಅಗ್ಗದ ಕೇಬಲುಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ. ಸುದ್ದಿ ಒಯ್ಯುವ ಎರಡು ತಂತಿ ಹಾಕಿರುವುದೇ ಇಲ್ಲ. ಹೊರಗಿನಿಂದ ಏನೂ ಗೊತ್ತಾಗದು. ಉಣ್ಣಲು ಹಾಕುತ್ತಾರೆ, ಮಾತಾಡಿಸುವುದಿಲ್ಲ. ಅಂಥ ಮನೆಗಳೂ ಇರುತ್ತವೆ. ಚಪ್ಪಲಿ ಡಬ್ಬಿಯ ತಳದಲ್ಲಿ ಮಗಳ ಹಳೆಯ ಕೇಬಲು ಸಿಕ್ಕಿತು. ಅದನ್ನು ಹಚ್ಚಿದ ಕೂಡಲೇ ಕಂಪ್ಯೂಟರು 'ಟಿಂಗ್' ಎಂದಿತು.

ಬಾಣದ ಗುರುತು ಒತ್ತಿದೆ. 'ಕನೆಕ್ಟಿಂಗ್' ಎಂದು ಚುಕ್ಕಿ ಇಡುತ್ತ ಹೋಯಿತು, ಮುಂದೆ ಸಾಗಲೊಲ್ಲದು. ಬೋರ್ಡಿನ ಮೇಲೆ 'ಬೂಟ್' ಎಂಬ ಸಾಸಿವೆಯಷ್ಟು ಗುಂಡಿಯಿದೆ. ಕೆಲವು ಬೋರ್ಡುಗಳಲ್ಲಿ ಚುಕ್ಕಿ ಶುರುವಾದಾಗ ಅದನ್ನು ಒತ್ತಿ ಹಿಡಿಯಬೇಕು, ಬರೆಯಲು ಹತ್ತಿದ ಮೇಲೆ ಬಿಡಬೇಕು. ಒಂದು ಕೈಯಲ್ಲಿ ಮೌಸು, ಇನ್ನೊಂದರ ಉಗುರಿನಲ್ಲಿ ಗುಂಡಿ, ಫೋನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದೆ. ನೂರು ಪ್ರತಿಶತ ಎಂದು ಬಂದು ನಿಂತಿತು. ಬೋರ್ಡಿನ ಮೇಲೆ ನೀಲಿ ದೀಪ ಹತ್ತಿತು, ಆರಿತು, ಹತ್ತಿತು. ಅದು ಏನೂ ಉಪಯೋಗವಿಲ್ಲದ ಕೆಲಸ, ಎಲ್ಲರೂ ಮೊದಲು ಮಾಡುವ ಪಾಠ. ಆದರೂ ನಾನು ಅತ್ತೆಯನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದು ತೋರಿಸಿದೆ. "ಯಾರ ಹಚ್ಚಾಕತ್ತಾರ?" ಎಂದರು. "ನಾನs ರೀ" ಎಂದೆ.

ನೀರಿನ ಕೆಲಸ ಆಮೇಲೆ ಒಂದು ವಾರದಲ್ಲಿ ಆಯಿತು. ಅಕ್ಕನ ಮಗ ಹೇಳಿದ ಎರಡು ತಂತಿಯೇ, ಆದರೆ ತಾಮ್ರವಲ್ಲ, ಸ್ಟೀಲಿನ ಎರಡು ತಿರುಪು ಮೊಳೆ. ಸದಾ ಕರೆಂಟು ಹರಿಸುತ್ತಿದ್ದರೆ ನೀರಿನಲ್ಲಿ ಒಂದು ಕಡೆಯ ಲೋಹ ಸವೆದುಹೋಗುತ್ತದೆ. ಆದ್ದರಿಂದ ಹತ್ತು ಸೆಕೆಂಡಿಗೊಮ್ಮೆ ಒಂದು ಚಣ ಮಾತ್ರ ಕರೆಂಟು ಕೊಟ್ಟು, 34ನೇ ಕಾಲಿನಿಂದ ಓದಿ, ಮತ್ತೆ ಆರಿಸುವಂತೆ ಲೂಪಿನಲ್ಲಿ ಬರೆದೆವು. ಬರೇ ಟ್ರಾನ್ಸಿಸ್ಟರಿಗೆ ಇಂಥ ವಿವೇಕ ಬರದು ಎಂದು ಅಕ್ಕನ ಮಗನಿಗೆ ಹೇಳಿದೆ, ಅವನು ಒಪ್ಪಲಿಲ್ಲ. ಮೊದಲ ರಾತ್ರಿ ನಳದ ಬಾಯಿಯ ಪಸೆಗೇ ಕೂಗಿ ನನ್ನನ್ನು ಎಬ್ಬಿಸಿತು. ಮಂದಿಯ ಬೈಗುಳ ತಪ್ಪಿತು, ಯಾಕೆಂದರೆ ಆಗಿನ್ನೂ ಯಾರಿಗೂ ಹೇಳಿರಲಿಲ್ಲ. ಮೂರು ಸಲ ಸತತವಾಗಿ ನೀರು ಕಂಡರೆ ಮಾತ್ರ ನಂಬು ಎಂದು ಒಂದು ಸಾಲು ಸೇರಿಸಿದೆವು. ಸುದ್ದಿ ಟೆಲಿಗ್ರಾಂ ಮೂಲಕ ನನಗೂ ಮಗಳಿಗೂ ಒಟ್ಟಿಗೆ ಹೋಗುವಂತೆ ಅವಳೇ ಬರೆದುಕೊಟ್ಟಳು. ಆ ಭಾಗ ನನಗೆ ಪೂರ್ತಿ ತಿಳಿದಿಲ್ಲ. ಅವಳು ಅದನ್ನು ಎರಡು ರಾತ್ರಿ ಕೂತು ಬರೆದಳು. ಕಿತ್ತೂರಿನ ಮನೆಯಲ್ಲಿ ತನ್ನ ಗಂಡನ ಕಂಪ್ಯೂಟರಿಗೂ ಈ ಎಡಿಟರನ್ನು ಹಾಕಿಕೊಂಡಳೆಂದು ಆಮೇಲೆ ತಿಳಿಯಿತು.

ಪ್ರೋಗ್ರಾಮಿನಲ್ಲಿ ಸಾಲಿನ ಮೊದಲಿಗೆ ಎರಡು ಓರೆಗೆರೆ ಹಾಕಿ ಏನು ಬರೆದರೂ ಯಂತ್ರ ಅದನ್ನು ಓದುವುದಿಲ್ಲ. ಮನುಷ್ಯರಿಗೆಂದು ಬರೆದ ಟಿಪ್ಪಣಿ ಅದು. ಅಲ್ಲಿ ಕನ್ನಡಕ್ಕೂ ತಕರಾರಿಲ್ಲ. ಹೀಗಾಗಿ ಪ್ರತಿ ಸಾಲಿನ ಮೇಲೂ ನನ್ನ ನೆನಪಿಗೆ ಕನ್ನಡದಲ್ಲಿ ಬರೆದುಕೊಂಡಿದ್ದೇನೆ: ಇಲ್ಲಿ ಕರೆಂಟು ಕೊಡುವುದು, ಇಲ್ಲಿ ಆರಿಸುವುದು, ಇದನ್ನು ಮುಟ್ಟಬಾರದು.

ಎಲ್ಲ ಮುಗಿದ ರಾತ್ರಿ ಮಗಳು ಕೇಳಿದಳು, "ಮೊದಲನೇ ಸಾಲಿನ್ಯಾಗ ಏನೋ ಬರದೀಯಲ್ಲ ಅವ್ವಾ, ಫೋಟೋದಾಗ ಕಾಣವಲ್ಲದು."

"ಮಾಡಿದವರ ಹೆಸರು ಬರದೇನಿ. ನಿಂದು, ನಂದು. ನಿಮ್ಮ ಅಜ್ಜೀದೂ."

"ಅಜ್ಜಿ ಏನ ಮಾಡ್ಯಾಳ?"

"ಇರಲಿ ಬಿಡು."

"ನಂದು ಯಾವ ಹೆಸರು ಬರದೀ?"

ಹೇಳಿದೆ. ಅವಳ ಅಪ್ಪ ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಕೂಗಿದ ಹೆಸರು. ಆ ಕಡೆ ಮಾತಿಲ್ಲ, ತೊಟ್ಟಿಲ ಹಗ್ಗದ ಕಿರಕಿರ ಮಾತ್ರ. "ಲಗ್ನದಾಗ ನಾ ಬ್ಯಾಡ ಅನಬೇಕಿತ್ತು" ಎಂದೆ.

ಅವಳು ಏನೋ ಅನ್ನಲು ಹೋದಳು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನೂ ಅವಳ ಕೈಯಲ್ಲಿದ್ದ ಫೋನೂ ಒಂದೇ ಸಲ ನಡುಗಿದವು.

"ಏಳ ಅವ್ವಾ, ನೀರ ಬಂತು" ಎಂದಳು ಕಿತ್ತೂರಿನಿಂದ.

ನಾನು ಹಂಡೆಯ ಮುಚ್ಚಳ ತೆಗೆಯಲು ಎದ್ದೆ.